ಇಬ್ಬರು ಹನುಮಯ್ಯ, ಒಂದು ಕಲ್ಲು

ಪಕ್ಕದ ಮನೆಯವನು ಸತ್ತು ಎಂಬತ್ತು ವರ್ಷವಾದ ಮೇಲೆ ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಹತ್ತಿಕೊಂಡಿತು ಎಂದರೆ ನೀವು ನಗಬಹುದು. ನಗಿ. ನನ್ನ ಹೆಸರು ಪುಟ್ಟಸ್ವಾಮಿ, ವಯಸ್ಸು ಎಪ್ಪತ್ತೇಳು. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಯಾರನ್ನು ಮೆಚ್ಚಿಸಲಿ?

ನಮ್ಮಪ್ಪ ಮತ್ತು ಪಕ್ಕದ ಮನೆಯ ಮಾಯಕ್ಕನ ಅಪ್ಪ ಒಂದೇ ದಿನ ಪಟಾಲಮ್ಮಿಗೆ ಸೇರಿದವರು. ಇಬ್ಬರಿಗೂ ಕೆಂಗಲ್ ಗುಡಿಯ ದೇವರು ಹನುಮಂತರಾಯನ ಹೆಸರೇ. ಮೂರು ತಿಂಗಳು ಮುಂಚೆ ಹುಟ್ಟಿದ್ದಕ್ಕೆ ಊರು ನಮ್ಮಪ್ಪನನ್ನು ದೊಡ್ಡಹನುಮಯ್ಯ ಅಂದಿತು, ಅವರಪ್ಪನನ್ನು ಚಿಕ್ಕಹನುಮಯ್ಯ ಅಂದಿತು. ಎರಡನೇ ಮಹಾಯುದ್ಧಕ್ಕೆ ಇಬ್ಬರೂ ಇಟಲಿಗೆ ಹೋದರು. ಚಿಕ್ಕವನು ಅಲ್ಲೇ ಸತ್ತ. ನಮ್ಮಪ್ಪ ಕುಂಟುತ್ತಾ ಊರಿಗೆ ಬಂದು, ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆ ಹುಳು ಸಾಕಿ, ಹಾಸಿಗೆಯಲ್ಲಿ ಸತ್ತ.

ಬದುಕಿ ಬಂದವನಿಗೆ ಯಾರೂ ಹಾರ ಹಾಕಲಿಲ್ಲ. ಹೋಗಲಿ. ಆದರೆ ಹಬ್ಬದ ಮೊದಲ ಒಬ್ಬಟ್ಟನ್ನು ಅಪ್ಪ ಮಾಯಕ್ಕನಿಗೇ ಕೊಡುತ್ತಿದ್ದ. ದೀಪಾವಳಿಗೆ ಅವಳಿಗೆ ರೇಷ್ಮೆ ಲಂಗ, ನನಗೆ ಒಂದು ಚಡ್ಡಿ. ಕೇಳಿದರೆ, ಅಪ್ಪನಿಲ್ಲದ ಮಗು ಕಣೋ ಅನ್ನುತ್ತಿದ್ದ. ಅಪ್ಪ ಇರುವ ಮಗು ಮಾಡಿದ ತಪ್ಪೇನು ಎಂದು ನಾನು ಆಗಲೂ ಉರಿದುಕೊಂಡಿದ್ದೆ.

ಕಳೆದ ತಿಂಗಳು ಮಾಜಿ ಸೈನಿಕರ ಸಂಘದವರು ಮಾಯಕ್ಕನ ಮಗ ಅನಂತರಾಜುವಿಗೆ ಒಂದು ಫೋಟೊ ತಂದುಕೊಟ್ಟರು. ಇಟಲಿಯ ಯಾವುದೋ ಬೆಟ್ಟದ ಹಳ್ಳಿಯಲ್ಲಿ ನಿಲ್ಲಿಸಿದ ಕಲ್ಲು. ಜರ್ಮನರ ಕೈಯಿಂದ ಆ ಊರನ್ನು ಬಿಡಿಸಲು ಹೊಳೆಗೆ ಸೇತುವೆ ಕಟ್ಟುವಾಗ ಗುಂಡೇಟು ತಿಂದು ಸತ್ತ ಪರದೇಶದ ಸಿಪಾಯಿಗಳ ಹೆಸರು ಅದರ ಮೇಲಿದೆಯಂತೆ. ಅಲ್ಲಿನ ಮಕ್ಕಳು ವರ್ಷಾ ವರ್ಷಾ ಹೂವು ಇಡುತ್ತಾರಂತೆ. ನಮ್ಮೂರ ಶಾಲೆಯಲ್ಲಿ ಭಾನುವಾರ ಫೋಟೊಗೆ ಹಾರ ಹಾಕುವುದೆಂದಾಯಿತು. ಚಿಕ್ಕಹನುಮಯ್ಯ ಎಂದು ಬರೆಸಿದ ಫ್ಲೆಕ್ಸ್ ಬಂತು. ಅನಂತರಾಜು ಬಾಗಿಲಲ್ಲಿ ತಲೆ ಬಗ್ಗಿಸಿ ನಮ್ಮನೆಗೆ ಬಂದ. ಆ ಮನೆಯವರೆಲ್ಲ ಉದ್ದ. ಫೋಟೊ ತೋರಿಸಿದ. ನಮ್ಮೂರಿಂದ ಹೋಗಿ ಅಲ್ಲಿ ಸತ್ತವನು ಅವನ ತಾತ ಒಬ್ಬನೇ, ಹಾಗಾಗಿ ಕಲ್ಲಿನ ಅಕ್ಷರವನ್ನು ಯಾರೂ ಸರಿಯಾಗಿ ಓದಿರಲಿಲ್ಲ.

ನಾನು ಕನ್ನಡಕ ಹಾಕಿಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದೆ. ದೊಡ್ಡಹನುಮಯ್ಯ ಎಂದಿತ್ತು.

"ಇದು ನಮ್ಮಪ್ಪನ ಹೆಸ್ರು ಕಣ್ಲಾ," ಅಂದೆ.

ಅವನ ಮುಖ ಇಳಿದುಹೋಯಿತು. ನನಗೆ ಒಬ್ಬಟ್ಟು ತಿಂದಷ್ಟು ಹಿತವಾಯಿತು. ನಮ್ಮಪ್ಪನೇ ಸತ್ತನೆಂದು ಮಿಲಿಟರಿಯವರು ತಪ್ಪು ತಿಳಿದಿರಬೇಕು, ಕಲ್ಲು ನಮ್ಮದು, ಫ್ಲೆಕ್ಸ್ ಬದಲಾಯಿಸಿ ಎಂದು ಟೀ ಅಂಗಡಿಯಲ್ಲೂ ಡೈರಿಯ ಹತ್ತಿರವೂ ಸಾರಿಬಿಟ್ಟೆ.

ಸಂಜೆ ಮಾಯಕ್ಕ ಕೋಲೂರಿಕೊಂಡು ಬಂದಳು. ಎಂಬತ್ತೆರಡರ ಮುದುಕಿ. ಅವಳಪ್ಪ ಹಡಗು ಹತ್ತಿದ ಮೇಲೆ ಹುಟ್ಟಿದವಳು. ಜಗಳಕ್ಕೆ ಬಂದಳೆಂದು ನಾನು ಸೆಟೆದು ಕೂತೆ. ಅವಳು ಜಗಲಿಯ ಮೇಲೆ ಕೂತು ಮೆಲ್ಲಗೆ ಹೇಳಿದಳು.

"ಆ ಕಲ್ಲು ನೀನೇ ಮಡಿಕೊ ಪುಟ್ಸಾಮಿ. ನೀನು ಈ ಬಾಗ್ಲಲ್ಲಿ ನಿಂತ್ಕಂಡು ಅಪ್ಪೋ ಅಂತ ಕೂಗೋದ ಕೇಳ್ಕಂಡೇ ಬೆಳ್ದೋಳು ನಾನು. ಆವಾಗ ನಂಗೂ ಹೊಟ್ಟೆ ಉರೀತಿತ್ತು ಕಣಪ್ಪ. ಕಲ್ಲಿಗಾದ್ರೂ ಒಂದ್ಸಲ ಅಪ್ಪ ಅಂದ್ಬುಡವಾ ಅಂತಿದ್ದೆ, ಅಷ್ಟೇಯ."

ಅವಳು ಎದ್ದು ಹೋದ ಮೇಲೆ, ಅಪ್ಪ ಹುಳುವಿಗೆ ಸೊಪ್ಪು ಹಾಕುತ್ತಾ ಆಡುತ್ತಿದ್ದ ಮಾತೊಂದು ನೆನಪಾಯಿತು. "ಊರಲ್ಲಿ ನಾನು ದೊಡ್ಡೋನು ಕಣ್ಲಾ, ಪಟಾಲಮ್ಮಲ್ಲಿ ಚಿಕ್ಕೋನು." ಅದು ತಮಾಷೆ ಅಂದುಕೊಂಡಿದ್ದೆ. ಈಗ ಹಾಗನ್ನಿಸಲಿಲ್ಲ. ಅಟ್ಟದಿಂದ ತಗಡಿನ ಟ್ರಂಕು ಇಳಿಸಿ, ಅಪ್ಪನನ್ನು ಪಟಾಲಮ್ಮಿನಿಂದ ಬಿಡುಗಡೆ ಮಾಡಿದ ಕಾಗದ ಹುಡುಕಿದೆ. ಹೆಸರು: ಚಿಕ್ಕಹನುಮಯ್ಯ. ಎತ್ತರ: ಐದು ಅಡಿ ಎರಡು ಅಂಗುಲ.

ಮೂರು ತಿಂಗಳ ಲೆಕ್ಕ ಪಟಾಲಮ್ಮಿನ ಗುಮಾಸ್ತನಿಗೇನು ಗೊತ್ತು? ಎದುರಿಗೆ ಇಬ್ಬರು ಹನುಮಯ್ಯ ನಿಂತಿದ್ದಾರೆ. ಉದ್ದಕ್ಕಿದ್ದವನನ್ನು ದೊಡ್ಡ ಎಂದು ಬರೆದುಕೊಂಡ, ಗಿಡ್ಡಕ್ಕಿದ್ದವನನ್ನು ಚಿಕ್ಕ ಎಂದು. ಕಲ್ಲಿನ ಮೇಲಿದ್ದವನು ಮಾಯಕ್ಕನ ಅಪ್ಪನೇ.

ಪಕ್ಕದಲ್ಲೇ ನೀರೊಲೆ ಉರಿಯುತ್ತಿತ್ತು. ಕಾಗದವನ್ನು ಅದರ ಬಾಯಿಗೆ ಹಿಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು ಮೂಲೆ ಕಂದಾಯಿತು. ಅಷ್ಟರಲ್ಲಿ ಕೆಳಗೆ ಹೆಬ್ಬೆಟ್ಟಿನ ಗುರುತು ಕಂಡಿತು. ಅಪ್ಪನದು. ಸುಡಲು ಕೈ ಬರಲಿಲ್ಲ.

ಮಾಯಕ್ಕನ ಮನೆಗೆ ಹೋಗಿ, ಕಾಗದವನ್ನು ಅನಂತರಾಜುವಿನ ಕೈಲಿಟ್ಟು, ಎಲ್ಲ ಹೇಳಿದೆ. ಫ್ಲೆಕ್ಸ್ ಬದಲಾಯಿಸಲೇಬೇಕು, ಚಿಕ್ಕ ತೆಗೆದು ದೊಡ್ಡ ಅಂತ ಹಾಕಿಸು ಅಂದೆ. ಮಾಯಕ್ಕ ಕಾಗದದ ಕಂದಿದ ಮೂಲೆಯನ್ನು ಬೆರಳಲ್ಲಿ ಸವರಿದಳು.

ಭಾನುವಾರ ಶಾಲೆಯಲ್ಲಿ ಅವಳು ಹಾರ ಹಾಕಿದಳು. ಫೋಟೊ ಹತ್ತಿರಕ್ಕೆ ಬಾಗಿ, "ಅಪ್ಪೋ," ಎಂದಳು, ಹೊಲದಲ್ಲಿದ್ದವರನ್ನು ಊಟಕ್ಕೆ ಕರೆಯುವ ಹಾಗೆ. ಎಲ್ಲರೂ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಕೂಗಿದ್ದು ಥೇಟ್ ನನ್ನ ರಾಗದಲ್ಲಿ, ಚಿಕ್ಕಂದಿನಲ್ಲಿ ನಾನು ನಮ್ಮಪ್ಪನನ್ನು ಕೂಗುತ್ತಿದ್ದ ರಾಗದಲ್ಲಿ.