ಗುಂಡನ ಕಾಲು ಕಿಲೋ

ಹೆಸರಿಗೆ ಗುಂಡ, ನೋಡಿದರೆ ಕಡ್ಡಿ. ಒಂದೂವರೆ ವರ್ಷದ ಈ ಮಗನಿಗೆ ಉಣಿಸುವಷ್ಟರಲ್ಲಿ ತಾಯಿಗೆ ಸಾಕುಸಾಕಾಗುತ್ತಿತ್ತು. ಅವನ ಬಾಯಿಗೆ ಹೋದದ್ದಕ್ಕಿಂತ ಗೋಡೆಗೆ, ನೆಲಕ್ಕೆ, ಅವಳ ಕೂದಲಿಗೆ ಹೋದದ್ದೇ ಹೆಚ್ಚು. ಎದುರುಮನೆಯಾಕೆ ದಿನವೂ ಬಾಗಿಲಲ್ಲಿ ನಿಂತು, "ಮಗು ಯಾಕೆ ಹೀಗೆ ಸೊರಗಿದೆ?" ಎಂದು ಕೇಳುತ್ತಿದ್ದಳು. ಬುದ್ಧಿ ಹೇಳಲು ಊರೆಲ್ಲ ಮುಂದು, ಒಂದು ತುತ್ತು ತಿನ್ನಿಸಿ ಹೋಗುವವರು ಯಾರೂ ಇಲ್ಲ.

ಸಾಲದ್ದಕ್ಕೆ ಮನೆಯ ಬೀಗ ಬೇರೆ ಹೋದ ತಿಂಗಳು ಕಾಣೆಯಾಗಿತ್ತು. ಕೈತುಂಬ ಬರುವ ಹಳೇ ಕಬ್ಬಿಣದ ಬೀಗ. ಹೊಸದು ತಂದರೂ ಜಗಳ ನಿಂತಿರಲಿಲ್ಲ. ಕಳೆದದ್ದು ನೀನು ಎಂದು ಗಂಡ, ನೀವು ಎಂದು ಅವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆ ಮಾತು ಬಂದಾಗಲೆಲ್ಲ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಅವಳಿಗೆ ಆಗ ಅದು ಹೊಳೆಯಲಿಲ್ಲ.

ಹೋದ ತಿಂಗಳು ಅವಳಿಗೆ ಲಾಂಡ್ರಿಯ ಇಸ್ತ್ರಿ ಕೆಲಸದಿಂದ ರಜೆ ಸಿಗದೆ, ಮಗುವನ್ನು ತೂಕ ಹಾಕಿಸಲು ಅತ್ತೆಯೇ ಆಸ್ಪತ್ರೆಗೆ ಒಯ್ದಿದ್ದರು. ಒಂಬತ್ತೂವರೆ ಕಿಲೋ ಎಂದು ಹಿಗ್ಗಿ ಬಂದಿದ್ದರು. ಈ ಸಲ ಅವಳೇ ಹೊರಟರೆ ಅತ್ತೆಯೂ ಬೆನ್ನು ಬಿಡಲಿಲ್ಲ. ಈ ಸೆಖೆಯಲ್ಲೂ ಮಗುವಿಗೆ ಉಣ್ಣೆಯ ಕೋಟು ತೊಡಿಸಿದ್ದರು. ಒಳಗೆ ಹೋಗುತ್ತಲೇ ಅವಳು ಅದನ್ನು ಬಿಚ್ಚಿದಳು.

"ಕೋಟು ಇರಲಿ ಕಣೇ, ಶೀತ ಆಗುತ್ತೆ."

"ನನಗೇ ಬೆವರು ಇಳೀತಿದೆ ಅತ್ತೆ. ಸುಮ್ಮನಿರಿ."

ನರ್ಸ್ ತಕ್ಕಡಿಯ ಮುಳ್ಳು ನೋಡಿ, "ಒಂಬತ್ತೂಕಾಲು. ಕಾಲು ಕಿಲೋ ಇಳಿದಿದೆ" ಎಂದಳು. ಡಾಕ್ಟರು ಹುಬ್ಬು ಗಂಟಿಕ್ಕಿದರು. "ಈ ವಯಸ್ಸಲ್ಲಿ ಹೀಗೆ ಇಳೀಬಾರದು. ರಕ್ತ ಪರೀಕ್ಷೆ ಮಾಡಿಸೋಣ. ಬೇಕಾದ್ರೆ ಅಡ್ಮಿಟ್ ಮಾಡೋಣ."

ಇಷ್ಟು ದಿನ ಬೈದು, ಗದರಿಸಿ ಉಣಿಸಿದ್ದೆಲ್ಲ ನೆನಪಾಗಿ ಅವಳಿಗೆ ಅಳು ಬಂತು. ಏನೋ ರೋಗವಿದೆ, ತಾನು ನೋಡಲಿಲ್ಲ. ನರ್ಸ್ ಸೂಜಿ ತರಲು ಎದ್ದಳು.

"ನಿಲ್ಲಮ್ಮಾ" ಎಂದರು ಅತ್ತೆ. ಕೈಚೀಲದಿಂದ ಕಬ್ಬಿಣದ ಬೀಗ ತೆಗೆದು ಮೇಜಿನ ಮೇಲಿಟ್ಟರು. "ಹೋದ ತಿಂಗಳು ತೂಕ ಹಾಕುವಾಗ ಇದು ಅವನ ಕೋಟಿನ ಜೇಬಲ್ಲಿತ್ತು."

ನರ್ಸ್ ಬೀಗವನ್ನು ತಕ್ಕಡಿಗೆ ಹಾಕಿದಳು. ಅರ್ಧ ಕಿಲೋ. ಅಂದರೆ ಕೋಟಿನ ಲೆಕ್ಕ ಬಿಟ್ಟರೂ ಹೋದ ತಿಂಗಳು ಗುಂಡ ಒಂಬತ್ತೇ. ಈಗ ಕಾಲು ಕಿಲೋ ಏರಿದ್ದಾನೆ. ಡಾಕ್ಟರು ಸೂಜಿ ಬೇಡ ಎಂದರು.

ಹೊರಗೆ ಬಂದದ್ದೇ ಅವಳು ಸಿಡಿದಳು. "ಒಂದು ತಿಂಗಳು ನಾವಿಬ್ಬರೂ ಕಚ್ಚಾಡ್ತಿದ್ರೆ ನೋಡ್ತಾ ಕೂತಿದ್ರಲ್ಲ! ಯಾಕತ್ತೆ?"

"ಅದರ ಹಿಂದಿನ ಸಲ ಆ ನರ್ಸ್ ನಿನಗೆ ಏನಂದಳು? ತಾಯಿಗೇ ಗಮನ ಇಲ್ಲ ಅಂದಳು. ಅವತ್ತು ನೀನು ಉಣ್ಣದೆ ಮಲಗಿದೆ." ಅತ್ತೆ ನೆಲ ನೋಡಿದರು. "ಆ ಮಾತು ಇನ್ನೊಂದು ಸಲ ನೀನು ಕೇಳಬಾರದು ಅಂತ."

ಅವಳು ಗುಂಡನನ್ನು ಸೊಂಟಕ್ಕೇರಿಸಿಕೊಂಡು, ಅತ್ತೆಯ ಹೆಗಲಿನಿಂದ ಬೀಗವಿದ್ದ ಕೈಚೀಲವನ್ನೂ ತೆಗೆದುಕೊಂಡಳು.

"ಭಾರ ಇದೆ, ಕೊಡಿ. ಆದ್ರೆ ಮನೇಲಿ ನಿಮ್ಮ ಮಗನಿಗೆ ನೀವೇ ಹೇಳಬೇಕು."