ಕಾರು ಚಿಕ್ಕದು, ಹಿಂದಿನ ಭಾರ ದೊಡ್ಡದು

ಮನೆ ಖಾಲಿ ಮಾಡುವ ದಿನ ಯಾರಿಗೂ ನೆಮ್ಮದಿ ಇರುವುದಿಲ್ಲ. ಅಮೆರಿಕದ ಗೈದರ್ಸ್‌ಬರ್ಗಿನ ಶಶಾಂಕನಿಗಂತೂ 2021ರ ಜುಲೈ ಕೊನೆಯ ಶನಿವಾರ ಕೂತಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನ ಹನ್ನೆರಡರೊಳಗೆ ಅಪಾರ್ಟ್‌ಮೆಂಟಿನ ಕೀ ಒಪ್ಪಿಸಬೇಕು. ಸೋಮವಾರ ಬೆಳಿಗ್ಗೆ ಅವನ ಹೆಂಡತಿ ಹರಿಣಿ ಡರ್ಹಮ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹೊಸ ಕೆಲಸಕ್ಕೆ ಸೇರಬೇಕು. ಆ ಬೇಸಿಗೆಯಲ್ಲಿ ಊರಿಗೆ ಊರೇ ಮನೆ ಬದಲಿಸುತ್ತಿದ್ದಂತಿತ್ತು. ಎಲ್ಲಿ ಕೇಳಿದರೂ ಬಾಡಿಗೆ ಟ್ರಕ್ ಇಲ್ಲ ಎಂಬ ಉತ್ತರವೇ.

ಕೊನೆಗೆ ಆಫೀಸಿನ ಗೆಳೆಯ ಧೀರಜ್ ಕಾರಿನ ಹಿಂದೆ ಕಟ್ಟಿ ಎಳೆಯುವ ತನ್ನ ಎರಡು ಗಾಲಿಯ ಚಿಕ್ಕ ಟ್ರೈಲರ್ ಕೊಟ್ಟ. ಶಶಾಂಕ್ ತನ್ನ ಪುಟ್ಟ ಕಾರಿನ ಹಿಂದೆ ಹಿಚ್, ಅಂದರೆ ಟ್ರೈಲರ್ ಸಿಕ್ಕಿಸುವ ಕೊಂಡಿ, ಹಾಕಿಸಿಕೊಂಡು ಬಂದ. ಹಿಚ್ ಕೂತಿತು ಎಂದರೆ ಕಾರು ಎಳೆಯುತ್ತದೆ ಎಂದೇ ಅವನು ತಿಳಿದಿದ್ದ.

ಬೆಳಿಗ್ಗೆ ಆರಕ್ಕೇ ಸಾಮಾನು ತುಂಬತೊಡಗಿದ. ಹಾಸಿಗೆ, ಬಟ್ಟೆ, ಐದು ವರ್ಷದ ಮಗಳು ನಿಧಿಯ ಆಟಿಕೆ ಎಲ್ಲ ಮುಂದಕ್ಕೆ ಹೋದವು. ಗ್ರೈಂಡರ್, ಟ್ರೆಡ್‌ಮಿಲ್, ಪುಸ್ತಕದ ಡಬ್ಬಗಳು ಹಿಂದಿನ ಬಾಗಿಲ ಹತ್ತಿರ ಕೂತವು. ಭಾರದ ಸಾಮಾನು ಮೊದಲು ಇಳಿಸಿಬಿಟ್ಟರೆ ಸುಲಭ ಎಂದು ಅವನ ಯೋಚನೆ.

ಹತ್ತೂವರೆಗೆ ಮಹಾದೇವಕ್ಕ ದಾರಿಗೆಂದು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದರು. ಬೈಲಹೊಂಗಲದ ಕಡೆಯವರು, ವಯಸ್ಸು ಅರವತ್ತು ದಾಟಿದೆ. ಕನ್ನಡ ಸಂಘದ ಊಟದ ಪಾತ್ರೆಗಳನ್ನೆಲ್ಲ ಹನ್ನೆರಡು ವರ್ಷದಿಂದ ತಮ್ಮ ಕಾರಿನ ಹಿಂದೆ ಟ್ರೈಲರ್ ಕಟ್ಟಿ ಹಾಲ್‌ನಿಂದ ಹಾಲ್‌ಗೆ ಸಾಗಿಸಿದವರು. ಅವರು ಮೆಟ್ಟಿಲು ಹತ್ತಲಿಲ್ಲ. ಟ್ರೈಲರಿನ ಹಿಂದೆ ನಿಂತು ಅದರ ತುದಿಯನ್ನು ಕೈಯಿಂದ ಕೆಳಕ್ಕೆ ಒತ್ತಿದರು. ಅಷ್ಟಕ್ಕೇ ಕಾರಿನ ಹಿಂಭಾಗ ಮೇಲೆದ್ದಿತು.

“ಶಶಾಂಕ, ಭಾರ ಎಲ್ಲಾ ಹಿಂದ ಇಟ್ಟೀಯಲ್ಲೋ. ಭಾರ ಗಾಲಿಗಿಂತ ಸ್ವಲ್ಪ ಮುಂದ ಇರಬೇಕು. ಹಿಂಗ ಹೋದರ ಇದು ಅತ್ಲಾಗ ಇತ್ಲಾಗ ಹೊಯ್ದಾಡ್ತೈತಿ,” ಎಂದರು. ಈ ಕಾರು ಎಷ್ಟು ಭಾರ ಎಳೆಯಬಹುದು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿದ್ದೀಯಾ ಎಂದೂ ಕೇಳಿದರು. ಅವನು ನೋಡಿರಲಿಲ್ಲ.

“ಐದು ಗಂಟೆ ದಾರಿ ಅಷ್ಟೇ ಅಕ್ಕ. ನಿಧಾನಕ್ಕೆ ಡ್ರೈವ್ ಮಾಡ್ತೀನಿ. ಎಲ್ಲಾ ಮತ್ತೆ ಅನ್‌ಲೋಡ್ ಮಾಡೋಕೆ ಈಗ ಟೈಮ್ ಎಲ್ಲಿದೆ?” ಎಂದು ಅವನು ಗಡಿಯಾರ ನೋಡಿದ.

ಮಹಾದೇವಕ್ಕ ಇನ್ನೆರಡು ಸಲ ಹೇಳಿ ನೋಡಿದರು. ತಾವೇ ಡಬ್ಬ ಇಳಿಸಲು ಹೋದರು, ಅವನು ಬಿಡಲಿಲ್ಲ. ಕೊನೆಗೆ ಕೊಂಡಿ ಕಳಚಿದರೂ ಟ್ರೈಲರ್ ಬಿಟ್ಟುಹೋಗದಂತೆ ಕಾರಿಗೂ ಟ್ರೈಲರಿಗೂ ನಡುವೆ ಇರುವ ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಹಾಕಿದರು. ಬ್ರೇಕ್ ಒತ್ತಿಸಿ ಟ್ರೈಲರಿನ ಹಿಂದಿನ ಲೈಟು ನೋಡಿ, ಸಡಿಲವಾಗಿದ್ದ ಪ್ಲಗ್ಗು ಬಿಗಿ ಮಾಡಿದರು. ಆಮೇಲೆ ಹರಿಣಿಯ ತೋಳು ಹಿಡಿದು ಪಕ್ಕಕ್ಕೆ ಕರೆದರು.

“ಐವತ್ತೈದು ಮೈಲಿ ವೇಗ ದಾಟಬ್ಯಾಡ್ರಿ. ಟ್ರೈಲರ್ ಹೊಯ್ದಾಡಿದರ ಬ್ರೇಕ್ ಒತ್ತಬ್ಯಾಡ, ಸ್ಟೇರಿಂಗ್ ತಿರುವಬ್ಯಾಡ. ಗ್ಯಾಸ್ ಪೆಡಲ್ ಮ್ಯಾಲಿನ ಕಾಲು ತಗದು ಸ್ಟೇರಿಂಗ್ ನೆಟ್ಟಗ ಹಿಡಿ. ಆದರ ನಿನ್ನ ಗಂಡಗ ಹೇಳು, ಇದು ಔಷಧ ಅಲ್ಲ. ಭಾರ ಸರಿ ಮಾಡೋದ ಔಷಧ.”

ಹರಿಣಿ ಗಂಡನಿಗೆ ಹೇಳಿದಳು. ಶಶಾಂಕ್ ಅಷ್ಟರಲ್ಲಿ ಎಂಜಿನ್ ಚಾಲೂ ಮಾಡಿದ್ದ.

ದಾರಿಯಲ್ಲಿ ಸಿಗುವ ಫ್ರೆಡರಿಕ್ಸ್‌ಬರ್ಗ್ ತಲುಪುವ ಹೊತ್ತಿಗೆ ಅವನ ಭುಜ ಸೆಟೆದುಕೊಂಡಿತ್ತು. ಕಾರು ಯಾಕೋ ಹಗುರವಾಗಿ ತೇಲಿದಂತೆ ಆಗುತ್ತಿದೆ ಎಂದು ಅವನಿಗೂ ಅನ್ನಿಸಿತು. ಇಬ್ಬರೂ ಸೀಟು ಬದಲಿಸಿಕೊಂಡರು. ಹರಿಣಿ ಐವತ್ತೈದರಲ್ಲೇ ಹೋಗುತ್ತಿದ್ದಳು. ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಿದ್ದಾರೆ, ಹೀಗಾದರೆ ಯಾವಾಗ ಮುಟ್ಟೋದು ಎಂದು ಅವನು ಮತ್ತೆ ಮತ್ತೆ ಅಂದ. ಅವಳು ವೇಗ ಹೆಚ್ಚಿಸಿದಳು. ಮುಳ್ಳು ಅರವತ್ತೈದಕ್ಕೆ ಬಂತು.

ಮುಂದೆ ಉದ್ದನೆಯ ಇಳಿಜಾರು. ಎಡಗಡೆಯಿಂದ ಭಾರೀ ಟ್ರಕ್ಕೊಂದು ಅವರನ್ನು ದಾಟಿತು. ಅದರ ಗಾಳಿಗೆ ಟ್ರೈಲರ್ ಒಮ್ಮೆ ಪಕ್ಕಕ್ಕೆ ಸರಿಯಿತು, ಮರಳಿ ಬಂತು, ಇನ್ನೊಂದು ಪಕ್ಕಕ್ಕೆ ಇನ್ನೂ ದೂರ ಹೋಯಿತು. ಕಾರಿನ ಹಿಂಭಾಗವೂ ಅದರ ಜೊತೆ ಎಳೆದಾಡಿತು. ಪಕ್ಕದ ಲೇನಿನವರು ಹಾರ್ನ್ ಒತ್ತಿಯೇ ಹಿಡಿದರು.

“ಬ್ರೇಕ್ ಹಾಕು ಹರಿಣಿ, ಬ್ರೇಕ್.”

ಅವಳ ಕಾಲು ಬ್ರೇಕಿನ ಕಡೆಗೇ ಹೊರಟಿತ್ತು. ಅದನ್ನು ಹಿಂದಕ್ಕೆಳೆದು ನೆಲದ ಮೇಲೆ ಊರಿದಳು. ಗ್ಯಾಸ್ ಪೆಡಲನ್ನೂ ಮುಟ್ಟಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗನ್ನು ನೇರವಾಗಿ ಹಿಡಿದು ಕೂತಳು. ಹಿಂದಿನ ಸೀಟಿನಿಂದ ನಿಧಿ, “ಅಮ್ಮಾ, ಐ ಡೋಂಟ್ ಲೈಕ್ ದಿಸ್,” ಎಂದಳು. ಇಳಿಜಾರು ಮುಗಿಯುತ್ತಿದ್ದಂತೆ ವೇಗ ತಾನಾಗಿ ಇಳಿಯಿತು, ಅರವತ್ತು, ಐವತ್ತು, ನಲವತ್ತು. ತೂಗಾಟ ಸಣ್ಣದಾಗುತ್ತಾ ಬಂದು ನಿಂತಿತು.

ಮುಂದಿನ ಎಕ್ಸಿಟ್ ತೆಗೆದುಕೊಂಡು ಟ್ರಕ್ಕುಗಳು ತಂಗುವ ದೊಡ್ಡ ಗ್ಯಾಸ್ ಸ್ಟೇಷನ್ನಿಗೆ ಬಂದರು. ಶಶಾಂಕ್ ಇಳಿದು ಟ್ರೈಲರಿನ ಸುತ್ತ ಸುಮ್ಮನೆ ಸುತ್ತುತ್ತಿದ್ದ. ನಾನು ಓಡಿಸುತ್ತಿದ್ದರೆ ಬ್ರೇಕ್ ಒತ್ತೇ ಬಿಡುತ್ತಿದ್ದೆ ಎಂಬ ಮಾತು ಅವನ ತಲೆಯಿಂದ ಹೋಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮ್ಯಾನ್ಯುಯಲ್ ತೆಗೆದು ಓದಿದ. ಅವನ ಕಾರು ಎಳೆಯಬಹುದಾದದ್ದು ಸಾವಿರದ ಐನೂರು ಪೌಂಡ್, ಅದೂ ಖಾಲಿ ಟ್ರೈಲರಿನ ತೂಕ ಸೇರಿಸಿ. ಅಲ್ಲೇ ಇದ್ದ ಟ್ರಕ್ಕುಗಳ ತೂಕದ ಕಟ್ಟೆಯ ಮೇಲೆ ತೂಗಿಸಿದರೆ ಟ್ರೈಲರ್ ಎರಡು ಸಾವಿರದ ನೂರು ಪೌಂಡ್ ಇತ್ತು.

ಮಹಾದೇವಕ್ಕನಿಗೆ ಫೋನ್ ಮಾಡಿದ. ಅವರು ಬೈಯಲಿಲ್ಲ, ಮೊದಲು ಮಗು ಹೇಗಿದೆ ಎಂದು ಕೇಳಿದರು.

“ನಿಮ್ಮ ಮಾತು ಕೇಳಬೇಕಿತ್ತು ಅಕ್ಕ. ಈಗ ಏನ್ ಮಾಡ್ಲಿ ಹೇಳಿ,” ಎಂದ.

“ಹೆಚ್ಚಿನ ಭಾರ ಅಲ್ಲೇ ಬಿಡು. ಉಳಿದದ್ದನ್ನ ಗಾಲಿಗಿಂತ ಮುಂದ ತಂದು ಹಗ್ಗ ಬಿಗಿ. ಎಲ್ಲಾ ಮುಂದಕ್ಕ ಒಟ್ಟಬ್ಯಾಡ ಮತ್ತ. ಒಟ್ಟು ತೂಕದಾಗ ಹತ್ತರಾಗ ಒಂದು ಪಾಲು ಹಿಚ್ ಮ್ಯಾಲೆ ಕೂಡಬೇಕು. ಗಾಲಿಯ ಗಾಳಿನೂ ನೋಡು. ಇವತ್ತ ಮುಟ್ಟಲಿಲ್ಲಂದರ ಏನೂ ಆಗಂಗಿಲ್ಲ.”

ಹತ್ತಿರದಲ್ಲಿ ಸಾಮಾನು ಇಡಲು ಬಾಡಿಗೆ ಗೋದಾಮು ಸಿಕ್ಕಿತು. ಟ್ರೆಡ್‌ಮಿಲ್, ಗ್ರೈಂಡರ್, ಪುಸ್ತಕಗಳ ಬಹುಪಾಲು ಅಲ್ಲಿ ಉಳಿದವು. ಉಳಿದದ್ದನ್ನು ಮತ್ತೆ ಜೋಡಿಸಿ, ಮತ್ತೆ ತೂಗಿಸಿದರು. ಸಾವಿರದ ಇನ್ನೂರು ಪೌಂಡ್. ಅಷ್ಟರಲ್ಲಿ ಮೂವರೂ ಸೋತಿದ್ದರು. ಬೆಳಗಿನಿಂದ ಓಡುತ್ತಿದ್ದ ಶಶಾಂಕನೇ ಇವತ್ತು ಇಲ್ಲೇ ಮೋಟೆಲಿನಲ್ಲಿ ಉಳಿದುಬಿಡೋಣ ಎಂದ.

ಭಾನುವಾರ ಐವತ್ತೈದು ಮೀರದೆ ಹೋಗಿ ಮಧ್ಯಾಹ್ನ ಡರ್ಹಮ್ ಸೇರಿದರು. ದಾರಿಯಲ್ಲಿ ಎರಡು ಕಡೆ ನಿಂತು ಕೊಂಡಿ, ಸರಪಳಿ, ಟೈರು ನೋಡಿದರು. ಸೋಮವಾರ ಹರಿಣಿ ಹೊತ್ತಿಗೆ ಸರಿಯಾಗಿ ಲ್ಯಾಬಿನಲ್ಲಿದ್ದಳು. ಗುರುವಾರ ಬಾಡಿಗೆ ಟ್ರಕ್ ಸಿಕ್ಕಿತು, ಬಿಟ್ಟ ಸಾಮಾನೂ ಬಂತು.

ಓದುತ್ತಿರುವ ನೀವೂ ನಾಳೆ ಮನೆ ಬದಲಿಸಬಹುದು, ಸಂಘಕ್ಕೆ ಪಾತ್ರೆ ಒಯ್ಯಬಹುದು. ನಿಮ್ಮ ಕಾರು ಟ್ರೈಲರ್ ಎಳೆಯಬಹುದೇ, ಎಷ್ಟು ಎಳೆಯಬಹುದು ಎಂದು ಮೊದಲು ಮ್ಯಾನ್ಯುಯಲ್ ತೆಗೆದು ನೋಡಿ. ಎಳೆಯಬಾರದು ಎಂದು ಬರೆದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು. ಎಳೆಯಬಹುದು ಎಂದಿದ್ದರೂ ತುಂಬಿದ ಮೇಲೆ ತೂಗಿಸಿ, ಭಾರ ಗಾಲಿಗಿಂತ ತುಸು ಮುಂದಿರಲಿ, ನಿಧಾನವಾಗಿ ಹೋಗಿ. ಗ್ರೈಂಡರ್ ನಾಲ್ಕು ದಿನ ತಡವಾಗಿ ಬಂದರೆ ಇಡ್ಲಿ ತಡವಾದೀತು, ಅಷ್ಟೇ. ಹಿಂದಿನ ಸೀಟಿನಲ್ಲಿರುವ ಮಗು ಕ್ಷೇಮವಾಗಿ ಮನೆ ಸೇರಬೇಕು.