ಇಳಿಯುತ್ತಿದ್ದ ಮಾಹಿರಾಳ ಗೆರೆ

ಯಾರಿಗೂ ಹೇಳದ ಒಂದು ಸಣ್ಣ ಚಿಂತೆ: ಮಾಹಿರಾಳನ್ನು ಚೆಸ್‌ನಲ್ಲಿ ಗೆದ್ದರೆ ಈಗೀಗ ಖುಷಿಯಾಗುತ್ತಿಲ್ಲ, ಅನುಮಾನವಾಗುತ್ತಿದೆ.

ತುಮಕೂರಿನಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ರೂಮು. ನನಗೆ ಚೆಸ್ ಕಲಿಸಿದ್ದೇ ಅವಳು. ಈಗ ಅವಳು ಕುಣಿಗಲ್ಲಿನಲ್ಲಿ ಅಪ್ಪನ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾಳೆ. ನಾನು ಕೆಲಸ ಸಿಗದೆ ಗುಬ್ಬಿಯ ಮನೆಯಲ್ಲಿ. ಸಂಜೆ ಮೊಬೈಲಿನಲ್ಲಿ ಆಡುತ್ತೇವೆ. "ಓದ್ಸಿದ್ದು ಇದಕ್ಕೇನಾ, ಆನೆ ಕುದುರೆ ಮೇಯ್ಸೋಕೆ?" ಅಂತಾಳೆ ಅಮ್ಮ.

ಯುಗಾದಿ ಆದಮೇಲೆ ಒಂದು ಇಂಟರ್‌ವ್ಯೂಗೆ ಹೋಗಿ, ಬಾಯೇ ಬಿಡಲಾಗದೆ ಎದ್ದು ಬಂದಿದ್ದೆ. ಆ ವಾರವೆಲ್ಲ ಮಾಹಿರಾಳ ಕೈಲಿ ಸೋತು, "ನಂಗೆ ಯಾವ್ದೂ ಬರಲ್ಲ, ಆಪ್ ತೆಗ್ದಾಕ್ತೀನಿ" ಅಂತ ಮೆಸೇಜು ಮಾಡಿದೆ. ಅಲ್ಲಿಂದಾಚೆ ಗೆಲ್ಲತೊಡಗಿದೆ. ಗೆದ್ದರೆ ಏರುವ, ಸೋತರೆ ಇಳಿಯುವ ನನ್ನ ರೇಟಿಂಗು ಸಾವಿರದ ನಾನೂರು ದಾಟಿತು. ಅಮ್ಮನಿಗೂ ತೋರಿಸಿದೆ.

ಮೊನ್ನೆ ಆಪ್ ತೋರಿಸುವ ಇಬ್ಬರ ರೇಟಿಂಗಿನ ಏರಿಳಿತದ ಗೆರೆಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ನನ್ನದು ಹತ್ತಿದ ಕಡೆಯಲ್ಲೆಲ್ಲ ಅವಳದು ಇಳಿದಿದೆ. ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕಲ್ಲ, ಸರಿ. ಆದರೆ ನಾನು ಚೇಳೂರಿನ ಅಜ್ಜಿ ಮನೆಯಲ್ಲಿದ್ದು ಆಡದೇ ಇದ್ದ ವಾರ ಅವಳ ಗೆರೆ ನೆಟ್ಟಗೆ ಮೇಲಕ್ಕೆದ್ದಿದೆ. ಊರವರನ್ನೆಲ್ಲ ಸೋಲಿಸುವವಳು ನನ್ನೊಬ್ಬಳ ಕೈಲಿ ಯಾಕೆ ಸೋಲುತ್ತಾಳೆ?

ಹಳೆಯ ಆಟಗಳನ್ನು ತೆಗೆದೆ. ಒಂದರಲ್ಲಿ ಇನ್ನೇನು ಗೆಲ್ಲುವಾಗ ಬಿಟ್ಟುಕೊಟ್ಟಿದ್ದಾಳೆ. "ಗಿರಾಕಿ ಬಂದ್ರು ಕಣೇ" ಅಂದಿದ್ದಳು. ಅವತ್ತು ಶುಕ್ರವಾರ. ಅವರ ಅಂಗಡಿಗೆ ರಜ.

ನಿನ್ನೆ ಬೇಕೆಂದೇ ನನ್ನ ಕ್ವೀನನ್ನು ಅವಳ ಕುದುರೆಯ ಬಾಯಿಗಿಟ್ಟೆ. ಆಟ ಕಲಿತು ಒಂದೇ ದಿನ ಆದವರೂ ಅದನ್ನು ಹೊಡೆಯುತ್ತಿದ್ದರು. ಅವಳು ತುಂಬ ಹೊತ್ತು ತೆಗೆದುಕೊಂಡು, ಎಲ್ಲೋ ಮೂಲೆಯ ಕಾಲಾಳೊಂದನ್ನು ಒಂದು ಮನೆ ಮುಂದಕ್ಕೆ ತಳ್ಳಿದಳು. ಆ ಆಟವನ್ನೂ ನಾನೇ ಗೆದ್ದೆ. "ಏನ್ ಆಡ್ತೀಯೇ ಪುಣ್ಯಾತ್ಗಿತ್ತಿ" ಅಂತ ಮೆಸೇಜು ಬಂತು.

ಕೇಳಿಬಿಡೋಣ ಅನ್ನಿಸಿತು. ಕೇಳಿದರೆ ರೇಟಿಂಗು ಹೋಗುತ್ತದೆ, ಹೋಗಲಿ. ಇರುವ ಒಬ್ಬಳೇ ಗೆಳತಿಯೂ ಹೋದರೆ?

ಇವತ್ತು ಅವಳು ಅಂಗಡಿ ಕೆಲಸದ ಮೇಲೆ ತುಮಕೂರಿಗೆ ಬಂದಿದ್ದಳು. ಕ್ಯಾತ್ಸಂದ್ರದ ಹೋಟೆಲಿನಲ್ಲಿ ಸಿಕ್ಕೆವು.

"ಬನ್ನಿ ಮೇಡಮ್ಮೋರೆ. ಸಾವಿರದ ನಾನೂರು ದಾಟಿದೋರು ನಮ್ಮಂಥೋರ ಜೊತೆ ತಟ್ಟೆ ಇಡ್ಲಿ ತಿಂತೀರಾ?"

"ನಿನ್ನೆ ನನ್ ಕ್ವೀನ್ ಕಾಣ್ಲಿಲ್ವಾ ನಿಂಗೆ?"

"ಯಾವ ಕ್ವೀನು?"

"ಕುದುರೆ ಮುಂದೆ ಇತ್ತಲ್ಲ."

"ಕಣ್ಣು ಮಂಜು ಕಣೇ ಅನು. ವಯಸ್ಸಾಯ್ತು, ಕನ್ನಡಕ ಹಾಕಿಸ್ಬೇಕು." ನಕ್ಕಳು, ಆದರೆ ಚಟ್ನಿ ನೋಡಿಕೊಂಡು. ಆಮೇಲೆ ಮೊಬೈಲು ತೆಗೆದಳು. "ಕಾಫಿ ಬರೋದ್ರೊಳಗೆ ಒಂದಾಟ ಆಡಾಣ್ವಾ?"

ಹ್ಞೂಂ ಅಂದಿದ್ದರೆ ನನ್ನ ಗೆರೆ ಇನ್ನಷ್ಟು ಹತ್ತುತ್ತಿತ್ತು. ಅವಳೂ ನಗುತ್ತಾ ಕುಣಿಗಲ್ ಬಸ್ಸು ಹತ್ತುತ್ತಿದ್ದಳು. ಅವಳ ಕೈಯಿಂದ ಮೊಬೈಲು ತೆಗೆದು ಟೇಬಲ್ಲಿನ ಮೇಲೆ ಬೋರಲು ಹಾಕಿದೆ. ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿಯೇ ಬಂತು ದನಿ.

"ನೀನು ಬೇಕಂತ್ಲೇ ಸೋಲ್ತಿದೀಯ ಮಾಹಿರಾ. ನಂಗೆ ಸೋಲೋಕಾದ್ರೂ ಆಗುತ್ತೆ, ನಿನ್ ಕೈಲಿ ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ಆಗಲ್ಲ ಕಣೇ."